ಕಡಮೆ ಕ್ರಯದ ಹತ್ಯಾರುಗಳು

ಯಾಂತ್ರಿಕ ಬೋಟುಗಳು ಕಡಲಿಗಿಳಿಯಬಾರದೆಂಬ ನಿಷೇಧವು ಜೂನ್ 1ರಂದು ಆರಂಭವಾಗಿ ಜುಲೈ 31ರಂದು ಮುಗಿಯುವ ಆ 61 ದಿನಗಳಲ್ಲಿ ಮಲ್ಪೆಯ ದಕ್ಕೆಯು ಮೀನಿನ ವ್ಯಾಪಾರವನ್ನು ಬದಿಗಿಟ್ಟು ವಿಶಾಲವಾದೊಂದು ಕರ್ಮಶಾಲೆಯಾಗಿ ಮಾರ್ಪಡುತ್ತದೆ. ಒಂದು ಬೋಟಿನ ಇಂಜಿನ್ ಬಿಚ್ಚಿ ಹರಡಿದ್ದರೆ ಇನ್ನೊಂದರ ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿರುತ್ತಾರೆ. ಮತ್ತೊಂದರ ಉಕ್ಕಿನ ಮೈಯಿಂದ ತುಕ್ಕನ್ನು ಕೆರೆಯುತ್ತಿರುತ್ತಾರೆ. ಯೌವನವನ್ನು ಮರದ ಬೋಟು ಕಟ್ಟುವುದರಲ್ಲಿಯೂ ನಡುವಯಸ್ಸನ್ನು ಇಂಜಿನ್ ರಿಪೇರಿಯಲ್ಲಿಯೂ ಕಳೆದ ಸೋದರಮಾವನವರಿಗೂ, ಮಣಿಪಾಲದಲ್ಲಿ ಡಿಪ್ಲೊಮಾ ಮುಗಿಸಿ ದಕ್ಕೆಯ ಸಮೀಪದಲ್ಲಿಯೇ ಚಿಕ್ಕದೊಂದು ವರ್ಕ್‌ಶಾಪನ್ನು ತೆರೆಯಬೇಕೆಂದಿರುವ ಅಳಿಯನಿಗೂ ಇಂಥ ದಿನಗಳಲ್ಲಿ ನಡೆದ ಸಂವಾದವಿದು.

ಅಳಿಯ: ಮಾವ, ಅಂಗಡಿಗೆ ಬೇಕಾದ ಹತ್ಯಾರುಗಳ ಪಟ್ಟಿಯೊಂದನ್ನು ಬರೆದು ತಂದಿದ್ದೇನೆ. ಪ್ರಖ್ಯಾತವಾದ ವಿದೇಶೀ ಹೆಸರಿನವುಗಳನ್ನೇ ಕೊಳ್ಳುವುದಾದರೆ ಬ್ಯಾಂಕು ಕೊಡುವ ಸಾಲದ ಬಹುಭಾಗವು ಅವುಗಳಿಗೇ ವ್ಯಯವಾಗುತ್ತದೆ. ಉಡುಪಿಯ ಹಾರ್ಡ್‌ವೇರ್ ಅಂಗಡಿಯವರಾದರೋ ಅದೇ ಪಟ್ಟಿಯನ್ನು ಅದರ ಕಾಲುಭಾಗದ ಕ್ರಯಕ್ಕೆ ಒದಗಿಸುವೆವೆನ್ನುತ್ತಾರೆ. ಅಗ್ಗದ್ದನ್ನು ಕೊಂಡು ಆಮೇಲೆ ಮರುಗುವುದಕ್ಕಿಂತ ಸಾಲ ಮಾಡಿಯಾದರೂ ಒಳ್ಳೆಯದನ್ನೇ ಕೊಳ್ಳುವುದು ವಿವೇಕವಲ್ಲವೆ?

ಮಾವ: ಅಗ್ಗದ್ದೆಂಬುದೂ ಒಳ್ಳೆಯದೆಂಬುದೂ ಪರಸ್ಪರ ವಿರುದ್ಧವಾದ ಎರಡು ಜಾತಿಗಳೆಂದು ನೀನು ಮೊದಲೇ ನಿಶ್ಚಯಿಸಿಕೊಂಡು ಬಂದಿರುವೆ. ಹತ್ಯಾರಿನ ಕ್ರಯ ಕಡಮೆಯಾಗಿದೆಯೆಂದರೆ ಅದನ್ನು ಮಾಡಿದವನು ಎಲ್ಲಿಯೋ ಒಂದು ಕಡೆ ಖರ್ಚನ್ನು ಉಳಿಸಿದ್ದಾನೆ, ಅಷ್ಟೆ. ಉಕ್ಕಿನಲ್ಲಿ ಉಳಿಸಿರಬಹುದು, ಉಕ್ಕಿಗೆ ಹದ ಕೊಡುವ ಕೆಲಸದಲ್ಲಿ ಉಳಿಸಿರಬಹುದು, ಅಳತೆಯ ನಿಖರತೆಯಲ್ಲಿ ಉಳಿಸಿರಬಹುದು, ಅಥವಾ ಹೊಳಪು, ಹಿಡಿ, ಬಣ್ಣ, ಪೆಟ್ಟಿಗೆ, ಜಾಹೀರಾತು ಇವುಗಳಲ್ಲಿ ಉಳಿಸಿರಬಹುದು. ಮೊದಲಿನ ಎರಡು ಕಡೆ ಉಳಿಸಿದ್ದರೆ ಆ ವಸ್ತುವನ್ನು ಧರ್ಮಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು. ಮೂರನೆಯ ಕಡೆ ಉಳಿಸಿದ್ದರೆ ಕೆಲಸಕ್ಕೆ ಎಷ್ಟು ನಿಖರತೆ ಬೇಕೆಂಬುದನ್ನು ನೋಡಿ ನಿರ್ಧರಿಸಬೇಕು. ಕೊನೆಯದರಲ್ಲಿ ಮಾತ್ರ ಉಳಿಸಿದ್ದರೆ ಆ ಉಳಿತಾಯವು ನೇರವಾಗಿ ನಿನ್ನ ಜೇಬಿಗೆ ಬರುತ್ತದೆ. ಆದುದರಿಂದ ಅಂಗಡಿಯವನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಕ್ರಯವೆಷ್ಟೆಂಬುದಲ್ಲ, ಉಳಿಸಿದ್ದೆಲ್ಲಿ ಎಂಬುದು.

ಅಳಿಯ: ಪ್ರಶ್ನೆಯನ್ನು ಕೇಳುವುದು ಸುಲಭ. ಉತ್ತರವನ್ನು ಅಂಗಡಿಯವನು ಹೇಳನು. ಹತ್ಯಾರಿನ ಮೇಲೆಯೂ ಬರೆದಿರುವುದಿಲ್ಲ.

ಮಾವ: ಹತ್ಯಾರೇ ಹೇಳುತ್ತದೆ. ಈ ಉಳಿಯನ್ನು ಕೈಯಲ್ಲಿ ಹಿಡಿದು ನೋಡು. ಕುಲುಮೆಯಿಂದ ಹೊರಬಂದಾಗಿನ ಕಪ್ಪು ಪೊರೆ ಇನ್ನೂ ಇದರ ಮೈಮೇಲಿದೆ. ಹಿಂಬದಿಯಲ್ಲಿ ಸಾಣೆಯ ಗೀರುಗಳು ಎದ್ದು ಕಾಣುತ್ತವೆ. ಹಿಡಿಯಂತೂ ಒಂದು ಕಡೆ ದಪ್ಪ, ಒಂದು ಕಡೆ ಸಪುರ. ಇದರ ಪಕ್ಕದಲ್ಲಿ ಕನ್ನಡಿಯಂತೆ ಹೊಳೆಯುವ ವಿದೇಶೀ ಉಳಿಯನ್ನಿಟ್ಟರೆ ಯಾರೂ ಇದನ್ನು ಮುಟ್ಟಲಾರರು. ಈಗ ಈ ಹಳೆಯ ಅರವನ್ನು ತೆಗೆದುಕೊಂಡು ಬಾಯಿಯ ಹತ್ತಿರ ಮೆಲ್ಲಗೆ ಒಮ್ಮೆ ಎಳೆ.

ಅಳಿಯ: ಕಚ್ಚುವುದಿಲ್ಲ, ಜಾರಿಹೋಗುತ್ತದೆ.

ಮಾವ: ಇನ್ನು ಹಿಡಿಯ ಕಡೆಗೆ, ಕತ್ತಿನ ಬಳಿಯಲ್ಲಿ ಎಳೆದು ನೋಡು.

ಅಳಿಯ: ಇಲ್ಲಿ ಕಚ್ಚುತ್ತದೆ; ಪುಡಿಯೂ ಬಂತು.

ಮಾವ: ಅಂದರೆ ಬಾಯಿಯು ಗಡುಸಾಗಿದೆ, ಕತ್ತು ಮೆದುವಾಗಿದೆ. ಮಾಡಿದವನು ಮೈಯ ಅಂದವನ್ನು ಅಲಕ್ಷಿಸಿದರೂ ಹದವನ್ನು ಅಲಕ್ಷಿಸಲಿಲ್ಲ. ಕಬ್ಬಿಣದ ಕೆಲಸದಲ್ಲಿ ಮುಖ್ಯವಾದ ವಿದ್ಯೆಯೇ ಇದು. ಉಕ್ಕನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತವು ಅದನ್ನು ಸೆಳೆಯದೆ ಬಿಡುವಷ್ಟು ಬಿಸಿಯಾದೊಡನೆ ತಣಿಸಿದರೆ ಅದು ಗಾಜಿನಂತೆ ಗಡುಸಾಗಿ ಗಾಜಿನಂತೆಯೇ ಒಡೆಯತಕ್ಕದ್ದಾಗುತ್ತದೆ. ಅದನ್ನು ಮತ್ತೆ ಹಿತವಾಗಿ ಕಾಯಿಸಿ, ಉಜ್ಜಿದ ಮೈಯಲ್ಲಿ ಒಣಹುಲ್ಲಿನ ಬಣ್ಣ ಕಾಣಿಸಿಕೊಂಡಾಗ ನಿಲ್ಲಿಸಿದರೆ ಗಡಸುತನವೂ ಉಳಿಯುತ್ತದೆ, ತಾಳಿಕೆಯೂ ಬರುತ್ತದೆ. ಬಣ್ಣ ನೀಲಿಗೆ ತಿರುಗುವವರೆಗೆ ಬಿಟ್ಟರೆ ಉಳಿಯ ಬಾಯಿ ಸತ್ತಿತೆಂದೇ ಲೆಕ್ಕ. ಇಷ್ಟನ್ನು ಸರಿಯಾಗಿ ಮಾಡಲು ಬೇಕಾದದ್ದು ಅನುಭವ ಮತ್ತು ಎಚ್ಚರ; ಅವೆರಡೂ ಚಿಕ್ಕ ಕುಲುಮೆಯಲ್ಲಿಯೂ ಇರಬಲ್ಲವು. ಆದರೆ ಮೈಯನ್ನು ಕನ್ನಡಿಯಂತೆ ಉಜ್ಜುವುದಕ್ಕೆ ಯಂತ್ರ ಬೇಕು, ವಿದ್ಯುತ್ತು ಬೇಕು, ಆಳಿನ ದಿನಗೂಲಿ ಬೇಕು. ಉಳಿಯ ಕ್ರಯದಲ್ಲಿ ಏರುವ ಭಾಗ ಇದೇ.

ಅಳಿಯ: ಆದರೂ ಹಿಂಬದಿ ಸಪಾಟಾಗಿಲ್ಲದ ಉಳಿಯಿಂದ ಹಲಗೆಯ ಸಂಧಿಯನ್ನು ಕೂಡಿಸುವುದು ಹೇಗೆ?

ಮಾವ: ಅದನ್ನು ಸಪಾಟು ಮಾಡುವವನು ನೀನು. ದಪ್ಪ ಗಾಜಿನ ತುಂಡೊಂದರ ಮೇಲೆ ಎಮರಿ ಕಾಗದವನ್ನು ಹಾಸಿ, ನೀರು ಚಿಮುಕಿಸಿ, ಉಳಿಯ ಬೆನ್ನನ್ನು ಬೆರಳುಗಳಿಂದ ಒತ್ತಿ ಹಿಡಿದು ಉಜ್ಜು. ಮೊದಲು ನಾಲ್ಕು ಮೂಲೆಗಳು ಮಾತ್ರ ಹೊಳೆಯುತ್ತವೆ. ನಡುವೆ ತಗ್ಗಿರುವುದು ಆಗ ಗೊತ್ತಾಗುತ್ತದೆ. ಇಡೀ ಬೆನ್ನು ಹೊಳೆಯಬೇಕೆಂಬ ಆಗ್ರಹ ಬೇಡ. ಬಾಯಿಯಿಂದ ಬೆರಳಗಲದಷ್ಟು ಜಾಗವು ಒಂದೇ ಸಮನಾಗಿ ಹೊಳೆದರೆ ಸಾಕು. ಆಮೇಲೆ ನಯವಾದ ಕಾಗದ, ಆಮೇಲೆ ಎಣ್ಣೆಗಲ್ಲು. ಕೊನೆಗೆ ಹೆಬ್ಬಲಸಿನ ತುಂಡೊಂದನ್ನು ತೆಗೆದುಕೊಂಡು ಅದರ ಅಡ್ಡಗಡಿತದ ಮೇಲೆ, ಎಂದರೆ ನಾರುಗಳು ನಿನ್ನ ಕಡೆಗೆ ಮುಖ ಮಾಡಿರುವ ಕಡೆ, ಕೊಡತಿ ಮುಟ್ಟದೆ ಕೈಬಲದಿಂದಲೇ ತೆಳುವಾದೊಂದು ಹೊಪ್ಪಳೆಯನ್ನು ತೆಗೆ. ಕಡಿದ ಜಾಗವು ನುಣ್ಣಗೆ ಮಿನುಗಿದರೆ ಉಳಿ ಸಿದ್ಧವಾಯಿತೆಂದು ಅರ್ಥ. ಹಾಗೆಯೇ ಕೆಲಸ ಮುಂದುವರಿಸಿ ಮತ್ತೆ ಬಾಯಿಯನ್ನು ಬೆಳಕಿಗೆ ಹಿಡಿದು ನೋಡು. ಅಂಚು ಮಡಚಿಕೊಂಡಿದ್ದರೆ ಉಕ್ಕು ಮೆದು. ಚೂರುಚೂರಾಗಿ ಕಿತ್ತಿದ್ದರೆ ಅತಿ ಗಡುಸು. ಎರಡೂ ಇಲ್ಲದೆ ಬರೀ ಸವೆದಿದ್ದರೆ, ಅದು ಎಷ್ಟೇ ಅಗ್ಗದ್ದಾಗಿರಲಿ, ಜೀವಮಾನದ ಸಂಗಾತಿ.

ಅಳಿಯ: ಇಷ್ಟು ಶ್ರಮವನ್ನು ನನ್ನ ಕೈಯಿಂದ ಮಾಡಿಸಿಕೊಂಡು ಆಮೇಲೆ ಅದನ್ನು ಅಗ್ಗವೆನ್ನಬಹುದೆ? ನನ್ನ ಸಮಯಕ್ಕೂ ಒಂದು ಕ್ರಯವಿದೆಯಲ್ಲ.

ಮಾವ: ನ್ಯಾಯವಾದ ಆಕ್ಷೇಪಣೆ. ತುಂಬಿದ ಅಂಗಡಿಯ ಯಜಮಾನನು, ಬೋಟುಗಳು ಸಾಲುಗಟ್ಟಿ ಕಾಯುತ್ತಿರುವಾಗ, ಉಳಿಯ ಬೆನ್ನನ್ನು ಉಜ್ಜುತ್ತ ಕುಳಿತರೆ ಅವನಿಗೆ ನಷ್ಟವೇ. ಅಂಥವನು ಸಿದ್ಧವಾದುದನ್ನು ಹೆಚ್ಚು ಹಣ ಕೊಟ್ಟು ಕೊಳ್ಳಲಿ. ಅದನ್ನು ನಾನು ದುಂದೆನ್ನಲಾರೆ. ಆದರೆ ನಿನ್ನಲ್ಲಿ ಈಗ ಹಣ ಕಡಮೆ, ಬಿಡುವು ಹೆಚ್ಚು. ಯಾವುದು ಹೇರಳವಾಗಿದೆಯೋ ಅದನ್ನು ವ್ಯಯಿಸಿ ಯಾವುದು ವಿರಳವಾಗಿದೆಯೋ ಅದನ್ನು ಕಾಪಾಡಿಕೊಳ್ಳುವುದು ಬಡವನ ಅರ್ಥಶಾಸ್ತ್ರವೂ ಹೌದು, ಎಲ್ಲರ ಅರ್ಥಶಾಸ್ತ್ರವೂ ಹೌದು. ಮೇಲಾಗಿ, ಬೆನ್ನು ಉಜ್ಜಿ ಬಾಯಿ ಕಟ್ಟಿದ ಕೈಗೆ ಆ ಉಳಿಯ ಸ್ವಭಾವ ತಿಳಿಯುತ್ತದೆ. ಮುಂದೆ ಎಂದು ಮಸೆಯಬೇಕು, ಎಷ್ಟು ಓರೆಯಿಡಬೇಕು ಎಂಬುದನ್ನು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ. ಕಾರ್ಕಳದ ಕಲ್ಲುಕೆಲಸದವರನ್ನು ನೋಡಿದ್ದೀಯಷ್ಟೆ? 1432ರಲ್ಲಿ ಪ್ರತಿಷ್ಠೆಯಾದ ಆ ಮಹಾಮೂರ್ತಿಯ ಊರಿನಲ್ಲಿ ಇಂದಿಗೂ ಉಳಿಯ ಮೊನೆ ಮೊಂಡಾದರೆ ಅದನ್ನು ಕುಲುಮೆಗೆ ಹಿಡಿದು, ಬಡಿದು, ಹದಗೊಳಿಸಿ ಮತ್ತೆ ಕೆಲಸಕ್ಕೆ ತರುವ ಶಿಲ್ಪಿಗಳಿದ್ದಾರೆ. ಹತ್ಯಾರನ್ನು ಸಿದ್ಧಪಡಿಸುವುದೂ ಕಸುಬಿನ ಒಂದು ಅಂಗವೆಂದು ತಿಳಿದವನಿಗೆ ಒರಟಾದ ಹತ್ಯಾರು ಭಯವನ್ನುಂಟುಮಾಡುವುದಿಲ್ಲ.

ಅಳಿಯ: ಉಳಿಯ ಮಾತನ್ನು ಒಪ್ಪಿದೆ. ಸ್ಪ್ಯಾನರುಗಳ ವಿಷಯ ಬೇರೆಯಲ್ಲವೆ? ಅದನ್ನು ಉಜ್ಜಿ ಸರಿಪಡಿಸಲಾಗದು. ಅಗ್ಗದ ಸ್ಪ್ಯಾನರಿನ ಬಾಯಿ ಅಗಲವಾಗಿ ಇಂಜಿನ್ನಿನ ನಟ್ಟಿನ ಮೂಲೆಗಳೆಲ್ಲ ಸವೆದುಹೋದುದನ್ನು ನಾನೇ ಕಂಡಿದ್ದೇನೆ.

ಮಾವ: ಕಂಡಿರುವುದು ನಿಜ. ಎರಕ ಹೊಯ್ದು ಬಣ್ಣ ಬಳಿದು, ಸಂತೆಯಲ್ಲಿ ರಾಶಿ ಹಾಕಿ ಮಾರುವ ಸರಕು ಅದು. ಅದನ್ನು ನಾನು ಹತ್ಯಾರುಗಳ ಸಾಲಿಗೇ ಸೇರಿಸುವುದಿಲ್ಲ. ಆದರೆ ಅದಕ್ಕೂ ದುಬಾರಿ ವಿದೇಶೀ ಸ್ಪ್ಯಾನರಿಗೂ ನಡುವೆ ಬಹು ದೊಡ್ಡ ಪ್ರದೇಶವೊಂದಿದೆ. ನಮ್ಮ ದೇಶದ ಶ್ರಮಜೀವಿಗಳೆಲ್ಲ ಬದುಕುತ್ತಿರುವುದು ಆ ಪ್ರದೇಶದಲ್ಲಿ. ಪಂಜಾಬಿನ ಜಲಂಧರ, ಲೂಧಿಯಾನಗಳಲ್ಲಿಯೂ ರಾಜಸ್ಥಾನದ ನಾಗೌರದಲ್ಲಿಯೂ ಕೈಹತ್ಯಾರುಗಳ ತಯಾರಿಕೆಯೇ ಮನೆಮನೆಯ ಕಸುಬೆಂಬಂತೆ ಬೆಳೆದಿದೆ. ನಾಸಿಕದ ಟಪಾರಿಯಾ ಕಾರ್ಖಾನೆಯು 1969ರಲ್ಲಿ ಸ್ವೀಡನ್ ದೇಶದ ತಾಂತ್ರಿಕ ಸಹಕಾರದಿಂದ ಕೈಹತ್ಯಾರುಗಳ ತಯಾರಿಕೆಯನ್ನು ಆರಂಭಿಸಿತು. ಬಾಯಿಯನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರನ್ನು ಇಂದಿನ ರೂಪಕ್ಕೆ ತಂದು 1892ರಲ್ಲಿ ಪೇಟೆಂಟು ಪಡೆದ ಯೊಹಾನ್ಸನ್ ಎಂಬ ಕುಶಲಿಯೂ ಸ್ವೀಡನ್ನಿನವನೇ. ಹೀಗೆ ದೂರದೇಶದ ವಿದ್ಯೆಯೊಂದು ನಮ್ಮ ಕಾರ್ಮಿಕನ ಕೈಗೆ ಬಂದು, ಅವನ ಗಳಿಕೆಗೆ ನಿಲುಕುವ ಕ್ರಯದಲ್ಲಿ ಅವನ ಚೀಲವನ್ನು ಸೇರಿದುದನ್ನು ನಾನು ದೊಡ್ಡ ಸಂಗತಿಯೆಂದೇ ಭಾವಿಸುತ್ತೇನೆ. ಮಲ್ಪೆಯ ಎಷ್ಟೋ ಬೋಟುಗಳ ಇಂಜಿನ್ ಕೋಣೆಗಳಲ್ಲಿ ಇಂಥ ಸ್ಪ್ಯಾನರುಗಳೇ ವರ್ಷಾನುಗಟ್ಟಲೆ ಕೆಲಸ ಮಾಡುತ್ತಿವೆ.

ಅಳಿಯ: ಅವುಗಳನ್ನು ಆರಿಸುವುದು ಹೇಗೆ?

ಮಾವ: ಬಡಿದು ಮಾಡಿದ್ದೆಂಬ ಗುರುತು ಅದರ ಮೈಯಲ್ಲಿ ಇರಬೇಕು, ತಯಾರಕನು ತನ್ನ ಹೆಸರನ್ನೂ ಅಳತೆಯನ್ನೂ ಉಕ್ಕಿನಲ್ಲಿಯೇ ಒತ್ತಿರಬೇಕು, ಕಾಗದದ ಚೀಟಿಯಲ್ಲಲ್ಲ. ಹೊಸ ನಟ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಸ್ಪ್ಯಾನರನ್ನು ಅದಕ್ಕೆ ತೊಡಿಸಿ ಅಲುಗಾಡಿಸು. ಆಚೀಚೆ ಬಹಳ ಓಲಾಡಿದರೆ ಹಿಂದಕ್ಕೆ ಕೊಡು. ಬಿಗಿಯಾದ ನಟ್ಟುಗಳಿಗೆ ರಿಂಗ್ ಸ್ಪ್ಯಾನರನ್ನೇ ಬಳಸು. ಅದು ಆರು ಮೂಲೆಗಳನ್ನೂ ಅಪ್ಪಿ ಹಿಡಿಯುವುದರಿಂದ ಸಾಧಾರಣ ಉಕ್ಕಿನದಾದರೂ ನಟ್ಟನ್ನು ಕೆಡಿಸುವುದಿಲ್ಲ. ನೀನು ಕಂಡ ಸವೆದ ನಟ್ಟಿನಲ್ಲಿ ಅರ್ಧ ದೋಷ ಸ್ಪ್ಯಾನರಿನದಾದರೆ ಇನ್ನರ್ಧ ದೋಷವು ತೆರೆದ ಬಾಯಿಯ ಸ್ಪ್ಯಾನರನ್ನು ರಿಂಗಿನ ಕೆಲಸಕ್ಕೆ ಹಾಕಿದವನದು.

ಅಳಿಯ: ಹೊಳಪಿನ ಲೇಪವಿರುವುದು ತುಕ್ಕಿಗೆ ಒಳ್ಳೆಯದಲ್ಲವೆ? ನಮ್ಮ ಊರಿನ ಗಾಳಿಯೇ ಉಪ್ಪು.

ಮಾವ: ಉಪ್ಪುಗಾಳಿಯೆಂಬ ಕಾರಣದಿಂದಲೇ ನಾನು ಹೊಳಪನ್ನು ನಂಬುವುದಿಲ್ಲ. ಕ್ರೋಮಿನ ಲೇಪವು ಅಖಂಡವಾಗಿರುವವರೆಗೆ ಚೆನ್ನ. ಸುತ್ತಿಗೆಯ ಏಟೋ ನೆಲದ ಕಲ್ಲೋ ತಗಲಿ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿತೆಂದರೆ ಉಪ್ಪುನೀರು ಒಳಹೊಕ್ಕು ಲೇಪದ ಕೆಳಗೆ ತುಕ್ಕು ಹಬ್ಬುತ್ತದೆ. ಆಮೇಲೆ ಏಳುವ ಪೊರೆಯು ಅಂಗೈಯನ್ನು ಸೀಳುವಷ್ಟು ಹರಿತವಾಗಿರುತ್ತದೆ. ಲೇಪವಿಲ್ಲದ ಕಪ್ಪುಮೈಯ ಸ್ಪ್ಯಾನರನ್ನು ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆಬಟ್ಟೆಯನ್ನೊಮ್ಮೆ ಆಡಿಸಿದರೆ ಅದು ನಿನ್ನ ಮಕ್ಕಳ ಕಾಲದವರೆಗೂ ಇರುತ್ತದೆ. ಕಡಲತಡಿಯಲ್ಲಿ ಹತ್ಯಾರಿನ ಆಯುಷ್ಯವನ್ನು ನಿರ್ಧರಿಸುವುದು ಅದನ್ನು ಕೊಂಡ ದಿನದ ಕ್ರಯವಲ್ಲ, ಪ್ರತಿದಿನದ ಎಣ್ಣೆಬಟ್ಟೆ. ಇನ್ನೊಂದು ಮಾತು. ದಕ್ಕೆಯಲ್ಲಿ ಕಟ್ಟಿದ ಬೋಟಿನ ಅಂಚಿನ ಮೇಲೆ ಬಗ್ಗಿ ಕೆಲಸ ಮಾಡುವಾಗ ಎಣ್ಣೆಗೈಯಿಂದ ಸ್ಪ್ಯಾನರು ಜಾರಿ ನೀರಿಗೆ ಬೀಳುವುದು ಇಲ್ಲಿ ನಿತ್ಯದ ಘಟನೆ. ಕೆಸರು ಅದನ್ನು ಹಿಂದಕ್ಕೆ ಕೊಡುವುದಿಲ್ಲ. ದುಬಾರಿ ಹತ್ಯಾರನ್ನು ಹಿಡಿದ ಹುಡುಗನು ಅದು ಬೀಳುವುದೆಂಬ ಹೆದರಿಕೆಯಲ್ಲಿ ಕೆಲಸವನ್ನು ಮರೆಯುತ್ತಾನೆ.

ಅಳಿಯ: ಹಾಗಾದರೆ ಪಟ್ಟಿಯಲ್ಲಿರುವುದೆಲ್ಲವನ್ನೂ ಕಡಮೆ ಕ್ರಯದಲ್ಲಿಯೇ ಕೊಳ್ಳಬಹುದೆಂದು ನಿಮ್ಮ ಅಭಿಪ್ರಾಯವೆ?

ಮಾವ: ಖಂಡಿತವಾಗಿಯೂ ಅಲ್ಲ. ಕೆಟ್ಟರೆ ಕೆಲಸ ಮಾತ್ರ ಕೆಡುವ ಹತ್ಯಾರು ಬೇರೆ, ಕೆಟ್ಟರೆ ಮನುಷ್ಯನೇ ಕೆಡುವ ಹತ್ಯಾರು ಬೇರೆ. ಕೈಗ್ರೈಂಡರನ್ನು ತೆಗೆದುಕೊ. ನಾಲ್ಕಿಂಚಿನ, ಎಂದರೆ 100 ಮಿಲಿಮೀಟರ್ ಬಿಲ್ಲೆಯು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗವನ್ನು ನೀನೇ ಲೆಕ್ಕ ಹಾಕು.

ಅಳಿಯ: ಸುತ್ತಳತೆ 0.314 ಮೀಟರ್, ಸೆಕೆಂಡಿಗೆ 183 ಸುತ್ತು. ಹಾಗಾದರೆ ಸೆಕೆಂಡಿಗೆ ಸುಮಾರು 58 ಮೀಟರ್. ಗಂಟೆಗೆ 200 ಕಿಲೊಮೀಟರಿಗಿಂತಲೂ ಹೆಚ್ಚಾಯಿತು!

ಮಾವ: ಆ ವೇಗದಲ್ಲಿ ಬಿಲ್ಲೆಯೊಂದು ಒಡೆದರೆ ಅದರ ಚೂರುಗಳು ಹೋಗುವುದು ಹಿಡಿದವನ ಮುಖದ ಕಡೆಗೆ. ಆದುದರಿಂದ ಗ್ರೈಂಡರು ಸಾಧಾರಣದ್ದಾಗಿರಲಿ, ಬಿಲ್ಲೆ ಮಾತ್ರ ಪ್ರತಿಷ್ಠಿತ ತಯಾರಕರದೇ ಆಗಿರಲಿ. ಅದರ ಮೇಲೆ ಮುದ್ರಿಸಿದ ಗರಿಷ್ಠ ವೇಗವನ್ನೂ ಬಳಕೆಯ ಅವಧಿಯನ್ನೂ ಓದದೆ ತೊಡಿಸಬೇಡ. ಗಾರ್ಡನ್ನು ಎಂದೂ ಬಿಚ್ಚಿಡಬೇಡ. ಇದಕ್ಕಾಗಿ ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. 1954ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆಯ ಬಿಲ್ಲೆಗಳು ನಮ್ಮ ಪೇಟೆಯಲ್ಲಿಯೇ ದೊರೆಯುತ್ತವೆ. ಹಾಗೆಯೇ ನೂರಾರು ಕಿಲೊ ತೂಗುವ ಇಂಜಿನ್ನನ್ನು ಎತ್ತುವ ಚೈನ್ ಬ್ಲಾಕು. ಅದರ ಕೆಳಗೆ ಒಬ್ಬನ ತಲೆಯೋ ಕಾಲೋ ಇರುವುದು ತಪ್ಪದು. ಹೊರುವ ಭಾರವನ್ನು ಒತ್ತಿ ನಮೂದಿಸದ, ಪರೀಕ್ಷೆಯ ಪತ್ರವಿಲ್ಲದ ಬ್ಲಾಕನ್ನು ಅಂಗಡಿಯೊಳಗೆ ತರಲೇಬೇಡ. ವಿದ್ಯುತ್ತಿನ ಕೆಲಸದ ಇಕ್ಕಳ, ಕಣ್ಣಿನ ಕನ್ನಡಕ, ವೆಲ್ಡಿಂಗಿನ ಗಾಜು ಇವುಗಳಲ್ಲಿಯೂ ಚೌಕಾಸಿ ಬೇಡ. ಒದ್ದೆಯಾದ ಬೋಟಿನ ಮೇಲೆ ನಿಂತವನಿಗೆ ಇಕ್ಕಳದ ಹಿಡಿಯ ಹೊದಿಕೆಯೇ ರಕ್ಷೆ. ಉಳಿದ ಹತ್ಯಾರುಗಳಲ್ಲಿ ಉಳಿಸಿದ ಹಣವನ್ನು ಇಲ್ಲಿ ಮನಸ್ಸಿಟ್ಟು ವ್ಯಯಿಸಬೇಕು; ಉಳಿಸಿದ್ದರ ಸಾರ್ಥಕ್ಯವೂ ಇದರಲ್ಲಿಯೇ ಇದೆ.

ಅಳಿಯ: ಅಳತೆಯ ಉಪಕರಣಗಳ ವಿಚಾರವನ್ನು ಹೇಳಲಿಲ್ಲ. ಅವು ದುಬಾರಿಯಾದವೇ ಆಗಬೇಕಷ್ಟೆ?

ಮಾವ: ಅದರಲ್ಲಿಯೂ ತಾರತಮ್ಯವಿದೆ. ವರ್ನಿಯರನ್ನು ಕೊಳ್ಳುವಾಗ ಎರಡು ದವಡೆಗಳನ್ನೂ ಮುಚ್ಚಿ ಬೆಳಕಿಗೆ ಹಿಡಿ. ನಡುವೆ ಬೆಳಕಿನ ಗೆರೆ ನುಸುಳಿದರೆ ಬೇಡ. ಅದು ಸರಿಯಿದ್ದು, ಸೊನ್ನೆಗೆ ಸೊನ್ನೆ ಕೂಡಿದರೆ 0.02 ಮಿಲಿಮೀಟರಿನವರೆಗೆ ಓದುವ ಸಾಧಾರಣ ವರ್ನಿಯರು ನಿನ್ನ ಬಹುತೇಕ ಕೆಲಸಕ್ಕೆ ಸಾಕು. ಆದರೆ ಕ್ರಯಕ್ಕೂ ಉಪಯೋಗಕ್ಕೂ ಇರುವ ಅಂತರವನ್ನು ನೋಡಬೇಕಾದರೆ ಫೀಲರ್ ಗೇಜನ್ನು ನೋಡಬೇಕು. ತೆಳುವಾದ ಉಕ್ಕಿನ ಎಲೆಗಳ ಒಂದು ಕಟ್ಟು. ಜೇಬಿನಲ್ಲಿ ಹಿಡಿಯುವ ವಸ್ತು. ಒಂದು ಊಟದ ಖರ್ಚಿಗೆ ಬರುತ್ತದೆ. ಇಂಜಿನ್ನಿನ ಟ್ಯಾಪೆಟ್ಟುಗಳ ಅಂತರವನ್ನು ಅದರಿಂದ ನೋಡುವುದನ್ನು ನೀನು ಕಲಿತೇ ಇರುವೆ. ಗೇರುಬಾಕ್ಸಿನ ಕಪ್ಲಿಂಗಿಗೂ ಪಂಕದ ಶಾಫ್ಟಿನ ಕಪ್ಲಿಂಗಿಗೂ ನಡುವಿನ ಸಂದಿಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕೂ ಕಡೆಗಳಲ್ಲಿ ಅದೇ ಎಲೆಗಳಿಂದ ಅಳೆದು, ನಾಲ್ಕೂ ಅಳತೆಗಳು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೆ ಕೂಡುವಂತೆ ಇಂಜಿನ್ನಿನ ಬುಡಕ್ಕೆ ತಗಡು ಸೇರಿಸುವುದು ನಮ್ಮ ಪದ್ಧತಿ. ಈ ಕೆಲಸವನ್ನು ಬೋಟು ನೆಲದ ಮೇಲಿರುವಾಗ ಮಾಡಿ ಮುಗಿಸಿದೆನೆಂದುಕೊಳ್ಳಬಾರದು. ನೀರಿಗಿಳಿದ ಮೇಲೆ ಒಡಲು ತುಸು ಆಕಾರ ಬದಲಿಸುವುದರಿಂದ, ತೇಲುತ್ತಿರುವಾಗ ಮತ್ತೊಮ್ಮೆ ನೋಡಲೇಬೇಕು. ನೋಡದೆ ಬಿಟ್ಟರೆ ಶಾಫ್ಟು ನಡುಗುತ್ತದೆ, ಬೇರಿಂಗು ಸವೆಯುತ್ತದೆ, ನಡುಗಡಲಿನಲ್ಲಿ ಬೋಟು ನಿಲ್ಲುತ್ತದೆ. ತಂಡೇಲನೂ ಕಲಾಸಿಗಳೂ ಇನ್ನೊಂದು ಬೋಟು ಎಳೆದು ತರುವವರೆಗೆ ಕಾಯಬೇಕಾಗುತ್ತದೆ. ಅಷ್ಟು ದೊಡ್ಡ ಅನರ್ಥವನ್ನು ತಪ್ಪಿಸುವ ಶಕ್ತಿ ಆ ಚಿಕ್ಕ ಕಟ್ಟಿಗಿದೆ. ಅದನ್ನು ತಾಳ್ಮೆಯಿಂದ ಬಳಸುವವನಿರಬೇಕು.

ಅಳಿಯ: ಪೂರ್ಣ ಸೆಟ್ಟನ್ನೇ ಪೆಟ್ಟಿಗೆಯ ಸಹಿತ ಕೊಂಡರೆ ಒಂದೊಂದರ ಕ್ರಯ ಇನ್ನೂ ಕಡಮೆಯಾಗುತ್ತದೆಂದು ಅಂಗಡಿಯವನು ಹೇಳಿದ.

ಮಾವ: ಬೇಡದ ವಸ್ತುವಿಗೆ ಎಷ್ಟು ಕಡಮೆ ಕ್ರಯವಿದ್ದರೂ ಅದು ದುಬಾರಿಯೇ. ಯಾವ ಅಳತೆಯ ಸ್ಪ್ಯಾನರನ್ನು ನಿನ್ನ ಕೈ ದಿನಕ್ಕೆ ಹಲವು ಸಲ ಹುಡುಕುವುದೆಂಬುದು ಕೆಲಸ ಆರಂಭವಾದ ಮೇಲೆಯೇ ತಿಳಿಯುತ್ತದೆ. ಮೊದಲು ಸಾಧಾರಣವಾದುದನ್ನು ಕೊಂಡು ಬಳಸು. ಬಳಸಿ ಬಳಸಿ ಯಾವುದು ಸವೆಯುವುದೋ ಅದು ನಿನ್ನ ಕಸುಬಿನ ಪ್ರಾಣವೆಂದು ತಿಳಿದು, ಆಗ ಅದೊಂದನ್ನು ಮಾತ್ರ ಉತ್ತಮೋತ್ತಮವಾದುದನ್ನು ತಂದುಕೊ. ಹಣ ಕೂಡಿಸುವ ಕ್ರಮವೂ ನಮ್ಮ ಊರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಕಟ್ಟಿದವರ ಮುಂದಿದ್ದುದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬ ಉದ್ದೇಶ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ದೊಡ್ಡ ಸಾಲದಿಂದ ಆರಂಭವಾದ ಅಂಗಡಿಯು ತಿಂಗಳ ಕಂತಿಗಾಗಿ ದುಡಿಯುತ್ತದೆ; ದಿನದ ಗಳಿಕೆಯಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಹತ್ಯಾರು ಕೂಡಿಸಿದ ಅಂಗಡಿಯು ತನ್ನ ಕಾಲ ಮೇಲೆ ನಿಲ್ಲುತ್ತದೆ.

ಅಳಿಯ: ನಿಮ್ಮ ಮಾತುಗಳನ್ನು ಕೇಳುತ್ತಿದ್ದರೆ ಇದು ಬರಿಯ ಮಿತವ್ಯಯದ ವಿಚಾರವಲ್ಲವೆಂದು ತೋರುತ್ತದೆ.

ಮಾವ: ಅಲ್ಲವೇ ಅಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. 1886ರಲ್ಲಿ ನಮ್ಮ ಮಲ್ಪೆಯಲ್ಲಿಯೂ ತೆರೆದರು. ಆ ನಡುವೆ 1874ರಲ್ಲಿ ಮಂಗಳೂರಿನಲ್ಲಿ ಯಂತ್ರಗಳ ಕಾರ್ಯಾಗಾರವೂ ಆರಂಭವಾಯಿತು. ಅಂದು ಈ ಕರಾವಳಿಯಲ್ಲಿ ಯಂತ್ರದ ಕೆಲಸವನ್ನು ಕಲಿಯಬೇಕೆಂದವನು ಅಂಥ ಸಂಸ್ಥೆಯೊಂದರ ಬಾಗಿಲಿಗೇ ಹೋಗಬೇಕಾಗಿದ್ದಿತು. ಏಕೆಂದರೆ ಹತ್ಯಾರುಗಳು ಸಂಸ್ಥೆಯ ಸ್ವತ್ತಾಗಿದ್ದುವು, ಕೆಲಸಗಾರನ ಸ್ವತ್ತಾಗಿರಲಿಲ್ಲ. ಇಂದು ಕಲಾಸಿಯ ಮಗನೊಬ್ಬನು ಒಂದು ಮೀನುಗಾರಿಕೆಯ ಋತುವಿನ ಉಳಿತಾಯದಿಂದ ತನ್ನದೇ ಆದ ಹತ್ಯಾರುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಬೋಟಿನಿಂದ ಬೋಟಿಗೆ ಹೋಗಿ ಸಂಪಾದಿಸಬಲ್ಲ. ಅವನನ್ನು ಸ್ವತಂತ್ರನನ್ನಾಗಿ ಮಾಡಿದುದು ಅವನ ಗಳಿಕೆಗೆ ನಿಲುಕುವ ಕ್ರಯದಲ್ಲಿ ದೊರೆತ, ಆದರೂ ನಂಬಿಕೆಗೆ ಅರ್ಹವಾದ ಹತ್ಯಾರು. ಅಂಥ ಹತ್ಯಾರನ್ನು ಜಲಂಧರದಲ್ಲಿಯೋ ನಾಸಿಕದಲ್ಲಿಯೋ ಪ್ರಾಮಾಣಿಕವಾಗಿ ಬಡಿದು ಹದಗೊಳಿಸಿದ ಕೈಗಳ ಋಣ ನಮ್ಮ ಮೇಲಿದೆ. ಹೊಳಪಿಲ್ಲವೆಂದು ಅದನ್ನು ಹೀಗಳೆಯುವುದು ಕೃತಘ್ನತೆ. ಹದವಿಲ್ಲದ ಸರಕನ್ನು ಅಗ್ಗವೆಂಬ ಕಾರಣದಿಂದ ಅದರ ಪಕ್ಕದಲ್ಲಿ ಕೂರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಅಳಿಯ: ಹಾಗಾದರೆ ನನ್ನ ಪಟ್ಟಿಯನ್ನು ಮೂರು ಪಾಲು ಮಾಡುತ್ತೇನೆ. ಉಳಿ, ಸುತ್ತಿಗೆ, ರಿಂಗ್ ಸ್ಪ್ಯಾನರುಗಳು, ಫೀಲರ್ ಗೇಜು ಇವುಗಳನ್ನು ಪರೀಕ್ಷಿಸಿ ಕಡಮೆ ಕ್ರಯದಲ್ಲಿ ಕೊಳ್ಳುತ್ತೇನೆ. ಬಿಲ್ಲೆ, ಚೈನ್ ಬ್ಲಾಕು, ಇಕ್ಕಳ, ಕನ್ನಡಕ ಇವುಗಳಿಗೆ ಪೂರ್ಣ ಕ್ರಯವನ್ನೇ ಕೊಡುತ್ತೇನೆ. ಉಳಿದವುಗಳನ್ನು ಕೆಲಸವು ಕೇಳುವವರೆಗೆ ಕೊಳ್ಳುವುದಿಲ್ಲ. ನಾಳೆ ಉಡುಪಿಗೆ ಹೋಗುವವನಿದ್ದೇನೆ. ಮೊದಲು ಯಾವುದನ್ನು ಕೊಳ್ಳಲಿ?

ಮಾವ: ಮೊದಲು ಒಂದು ಒಳ್ಳೆಯ ಅರವನ್ನು ಕೊಂಡುಕೊ; ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಮಿಕ್ಕೆಲ್ಲ ಹತ್ಯಾರುಗಳ ಹದವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು, ಮನೆಗೆ ತಂದ ಮೇಲೆ ಅವುಗಳ ಒರಟುತನವನ್ನು ನೀನೇ ತಿದ್ದಿಕೊಳ್ಳಬಹುದು. ಹತ್ಯಾರಿನ ಬಾಯಿಗೆ ಅರವಿಟ್ಟು ನೋಡಲು ಒಪ್ಪದ ಅಂಗಡಿಯಲ್ಲಿ ಏನನ್ನೂ ಕೊಳ್ಳಬೇಡ.